ಮೂರೂವರೆ ಗಂಟೆಯಲ್ಲಿ ಮೂರು ಕಾರಣ ಹೇಳಿದ ಸಣ್ಣ ವಿಮಾನ ಕಂಪನಿ: ಅಮ್ಮನನ್ನು ಮತ್ತೆ ಅದರಲ್ಲಿ ಕಳಿಸಬಹುದಾ?

ಕಟಪಾಡಿ ಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಓದಿ ಒಂದು ದಾರಿ ಹೇಳಿ.

ಕಳೆದ ತಿಂಗಳು ಅಮ್ಮನನ್ನು ಅಕ್ಕನ ಮನೆಗೆ ಬಿಡಲು ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಸಂಜೆ 5.40ರ ವಿಮಾನಕ್ಕೆ ಟಿಕೆಟ್ ಮಾಡಿದ್ದೆ. ಕಂಪನಿ ಹೆಸರು ಬರೆಯುವುದಿಲ್ಲ. ಅಕ್ಕನ ಊರು ಬರೆದರೂ ಯಾವ ಕಂಪನಿ ಅಂತ ಗೊತ್ತಾಗುತ್ತದೆ, ಹಾಗಾಗಿ ಅದನ್ನೂ ಬಿಟ್ಟಿದ್ದೇನೆ. ಕೈಬೆರಳಲ್ಲಿ ಎಣಿಸುವಷ್ಟು ವಿಮಾನ ಇಟ್ಟುಕೊಂಡು ನಡೆಸುವವರು, ರೆಕ್ಕೆಯಲ್ಲಿ ಫ್ಯಾನ್ ಇರುವ ಸಣ್ಣ ವಿಮಾನ. ಅವರ ಸಾಲದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಆದರೆ ಅಲ್ಲಿಗೆ ನೇರ ಹೋಗುವುದು ಅವರು ಮಾತ್ರ. ಅಮ್ಮನಿಗೆ 71. ಮಂಡಿ ನೋವು, ಶುಗರ್ ಬೇರೆ. ಬೆಂಗಳೂರಿನಲ್ಲಿ ಇಳಿದು, ಕಾದು, ಮತ್ತೆ ಹತ್ತುವುದು ಅವರಿಗೆ ಆಗುವ ಕೆಲಸ ಅಲ್ಲ.

3.30ಕ್ಕೆ ಮುಟ್ಟಿದೆವು. 4.15ಕ್ಕೆ ಮೆಸೇಜ್ ಬಂತು, ತಾಂತ್ರಿಕ ಕಾರಣದಿಂದ ಒಂದು ಗಂಟೆ ತಡ ಅಂತ. ಸರಿ, ಆಗುತ್ತದೆ. 6 ಗಂಟೆಗೆ ಕೌಂಟರಿನಲ್ಲಿ ಕೇಳಿದರೆ ಹವಾಮಾನ ಸರಿ ಇಲ್ಲ ಅಂದರು. ಮಳೆ ಬರುತ್ತಿತ್ತು, ಸುಳ್ಳಲ್ಲ. ಆದರೆ ಅಷ್ಟರಲ್ಲಿ ಬೇರೆ ಕಂಪನಿಯ ಎರಡು ವಿಮಾನ ಇಳಿದವು, ನಾನೇ ಗಾಜಿನಿಂದ ನೋಡಿದ್ದೇನೆ. 7.45ಕ್ಕೆ ಪೈಲಟ್‌ಗಳ ಡ್ಯೂಟಿ ಟೈಮ್ ಮುಗಿಯಿತು ಅಂದರು. 8.30ಕ್ಕೆ ರದ್ದು. ಒಂದು ಲೋಟ ನೀರು ಕೂಡ ಕೊಡಲಿಲ್ಲ. ಐವತ್ತು ಅರುವತ್ತು ಜನರಿಗೆ ಉತ್ತರ ಹೇಳಲು ಕೌಂಟರಿನಲ್ಲಿ ಒಬ್ಬಳೇ ಹುಡುಗಿ. ಒಬ್ಬರು ಕೌಂಟರಿಗೆ ಕೈ ಬಡಿದು ಬಾಯಿಗೆ ಬಂದ ಹಾಗೆ ಬೈದರು. ಅಮ್ಮ ಮಾತ್ರೆ ತಗೊಂಡಾಗಿತ್ತು, ಕೈ ನಡುಗಲು ಶುರುವಾಯಿತು. ಆ ಹುಡುಗಿ ತನ್ನ ಬ್ಯಾಗಿನಿಂದ ಅರ್ಧ ತಿಂದಿದ್ದ ಪಾರ್ಲೆ-ಜಿ ಪ್ಯಾಕೆಟ್ ತೆಗೆದು ಕೊಟ್ಟಳು. ಆಮೇಲೆ ಜೋರು ಮಳೆಯಲ್ಲಿ ಟ್ಯಾಕ್ಸಿ ಮಾಡಿಕೊಂಡು ಕಟಪಾಡಿಗೆ ವಾಪಸ್ ಬಂದೆವು, ಮನೆ ಮುಟ್ಟುವಾಗ ಹನ್ನೊಂದು.

ಇವತ್ತಿಗೆ 34 ದಿನ. ದುಡ್ಡು ಬಂದಿಲ್ಲ. ಫೋನ್ ಮಾಡಿದರೆ "ಪ್ರೊಸೆಸ್‌ನಲ್ಲಿ ಉಂಟು" ಅನ್ನುತ್ತಾರೆ. ದೂರು ಬರೆಯುತ್ತಾ ಇದ್ದೇನೆ. ಆ ಹುಡುಗಿಯ ಹೆಸರು ಬ್ಯಾಡ್ಜ್ ನೋಡಿ ಬರೆದಿಟ್ಟುಕೊಂಡಿದ್ದೇನೆ, ಅದನ್ನೂ ಹಾಕುತ್ತೇನೆ. ಯಾಕೆಂದರೆ ಸುಳ್ಳು ಹೇಳಿದ್ದು ಅವಳ ಬಾಯಿಯಿಂದಲೇ ಅಲ್ವಾ.

ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಅಕ್ಕನ ಮಗಳ ಸೀಮಂತ. ಅಮ್ಮ ಹೋಗಲೇಬೇಕು. ನನ್ನ ಪ್ರಶ್ನೆ ದುಡ್ಡಿನದ್ದು ಅಷ್ಟೇ ಅಲ್ಲ. ಟಿಕೆಟ್ ದುಡ್ಡು ವಾಪಸ್ ಕೊಡಲು ಇಲ್ಲದವರು ವಿಮಾನವನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ?

ಕುದ್ರೋಳಿ

ಬೇಡ ಮಾರಾಯ್ರೆ. ಅಮ್ಮನ ವಿಷಯದಲ್ಲಿ ಯಾಕೆ ಪರೀಕ್ಷೆ? ರೈಲು ಇದ್ದರೆ ರೈಲು, ಇಲ್ಲದಿದ್ದರೆ ಬೆಂಗಳೂರು ಮೇಲೆ ಹೋಗಿ ವೀಲ್‌ಚೇರ್ ಕೇಳಿ. ಕಿಂಗ್‌ಫಿಷರ್ ಹೋಯಿತು, ಜೆಟ್ ಹೋಯಿತು, ಗೋ ಫಸ್ಟ್ ಹೋಯಿತು. ಅಷ್ಟು ದೊಡ್ಡವರೇ ನಿಲ್ಲಲಿಲ್ಲ, ಇವರು ಎಲ್ಲಿ ನಿಲ್ಲುತ್ತಾರೆ.

ಹಂಪನಕಟ್ಟೆ ಟಿಕೆಟ್

ನಾನು 22 ವರ್ಷದಿಂದ ಟಿಕೆಟ್ ಮಾಡಿಕೊಡುವ ಕೆಲಸದಲ್ಲಿ ಇದ್ದೇನೆ. ಕಟಪಾಡಿಯವರೇ, ಮೊದಲು ನಿಮ್ಮ ದುಡ್ಡಿನ ವಿಷಯ.

ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ 7 ದಿನದೊಳಗೆ ವಾಪಸ್ ಹಾಕಬೇಕು ಅಂತ ಡಿಜಿಸಿಎ, ಅಂದರೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ನಿಯಮ ಉಂಟು. 34 ದಿನ ತುಂಬಾ ಆಯಿತು. ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಅರ್ಜಿ (ಕಾರ್ಡಿನಲ್ಲಿ ಹೋದ ದುಡ್ಡು ವಾಪಸ್ ತರಿಸಿ ಅಂತ) ಇವತ್ತೇ ಹಾಕಿ, ಅದಕ್ಕೂ ಗಡುವು ಇರುತ್ತದೆ. ಎರಡು ಗಂಟೆಗಿಂತ ಜಾಸ್ತಿ ತಡವಾದರೆ ನಿಮ್ಮಂಥ ಸಣ್ಣ ದೂರದ ವಿಮಾನಕ್ಕೆ ತಿಂಡಿ ಕೊಡಲೇಬೇಕು. ಕೊಡಲಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ.

ಮತ್ತೆ ರದ್ದತಿಯ ಪರಿಹಾರ. ನಿಮ್ಮದು ಒಂದರಿಂದ ಎರಡು ಗಂಟೆ ಹಾರುವ ದೂರ ಅಂದುಕೊಳ್ಳುತ್ತೇನೆ. ಅದಕ್ಕೆ 7,500 ರೂಪಾಯಿ, ಅಥವಾ ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಎಷ್ಟೋ ಅಷ್ಟು, ಎರಡರಲ್ಲಿ ಯಾವುದು ಕಡಿಮೆಯೋ ಅದು. ತುಂಬಾ ಜನ ಸೀದಾ 7,500 ಸಿಗುತ್ತದೆ ಅಂದುಕೊಳ್ಳುತ್ತಾರೆ, ಹಾಗಲ್ಲ. ಇದು ರಿಫಂಡ್ ಬಿಟ್ಟು ಬೇರೆ.

ಈಗ ಆ ಮೂರು ಕಾರಣ. ಹವಾಮಾನ ಅಂತ ಬರೆದರೆ ಕಂಪನಿ ಪರಿಹಾರ ಕೊಡಬೇಕಾಗಿಲ್ಲ, ಅದು ಅವರ ಕೈಮೀರಿದ್ದು. ವಿಮಾನ ಕೆಟ್ಟಿದೆ ಅಂದರೆ ಅಷ್ಟು ಸುಲಭದಲ್ಲಿ ಜಾರಿಕೊಳ್ಳಲು ಆಗುವುದಿಲ್ಲ. ನಿಮಗೆ ಬಂದ ಮೊದಲ ಮೆಸೇಜಿನಲ್ಲಿ "ತಾಂತ್ರಿಕ" ಅಂತ ಉಂಟಲ್ಲ, ಅದನ್ನು ಡಿಲೀಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಸಂಜೆಯ ಹವೆ ಹೇಗಿತ್ತು ಅಂತಲೂ ನೋಡಬಹುದು. ಬಜ್ಪೆಯ ಹವಾಮಾನ ವರದಿ ಅರ್ಧ ಗಂಟೆಗೊಮ್ಮೆ ಬರುತ್ತದೆ, ವಿಒಎಂಎಲ್ ಅನ್ನುವ ಕೋಡ್ ಹಾಕಿ ಹುಡುಕಿದರೆ ಹಳೆಯದೂ ಸಿಗುತ್ತದೆ.

ಕಟಪಾಡಿ ಮನೆ

ತುಂಬಾ ಉಪಕಾರ ಅಣ್ಣ. ಕಾರ್ಡಿನಲ್ಲೇ ಕೊಟ್ಟದ್ದು. ಮೆಸೇಜ್ ಉಂಟು.

ಸ್ಪ್ಯಾನರ್ ಕಿನ್ನಿಗೋಳಿ

ನಾನು ವಿಮಾನ ರಿಪೇರಿಯ ಎಂಜಿನಿಯರ್. ಇಂಥದ್ದೇ ಒಂದು ಸಣ್ಣ ಕಂಪನಿಯಲ್ಲಿ ಕೆಲವು ವರ್ಷ ಎಟಿಆರ್ ಅನ್ನುವ ಫ್ಯಾನಿನ ಸಣ್ಣ ವಿಮಾನಗಳ ಮೇಲೆ ಕೆಲಸ ಮಾಡಿದೆ. ಆ ಕಂಪನಿ ಈಗ ಇಲ್ಲ. ಕಟಪಾಡಿಯವರ ಕೊನೆಯ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ.

ಮೊದಲು ಒಂದು ಮಾತು. ನಿಮಗೆ ಹೇಳಿದ ಮೂರೂ ಕಾರಣ ನಿಜ ಇರಬಹುದು. ಹೇಗೆ ಅಂತ ಹೇಳುತ್ತೇನೆ.

ವಿಮಾನದಲ್ಲಿ ಎಲ್ಲವೂ ಸರಿ ಇದ್ದರೆ ಮಾತ್ರ ಹಾರಬೇಕು ಅಂತ ಇಲ್ಲ. ಎಂಇಎಲ್ ಅಂತ ಒಂದು ಪುಸ್ತಕ ಉಂಟು. ಯಾವುದು ಕೆಟ್ಟಿದ್ದರೂ ಹಾರಬಹುದು, ಯಾವ ಷರತ್ತಿನಲ್ಲಿ, ಎಷ್ಟು ದಿನದೊಳಗೆ ಸರಿ ಮಾಡಬೇಕು, ಎಲ್ಲ ಅದರಲ್ಲಿ ಬರೆದಿರುತ್ತದೆ. ಬಿ ವರ್ಗದ್ದು 3 ದಿನ, ಸಿ ವರ್ಗದ್ದು 10 ದಿನ, ಡಿ ವರ್ಗದ್ದು 120 ದಿನ. ಇದು ಕಳ್ಳದಾರಿ ಅಲ್ಲ, ಪ್ರಪಂಚದ ಎಲ್ಲ ಕಂಪನಿಗಳೂ ಬಳಸುತ್ತವೆ. ಉದಾಹರಣೆಗೆ ಮುಂದಿನ ಗಾಜಿನ ವೈಪರ್. ಅದು ಕೆಟ್ಟಿದ್ದರೆ ಮಳೆ ಇಲ್ಲದ ಊರಿಗೆ ಸಾಮಾನ್ಯವಾಗಿ ಹೋಗಬಹುದು. ಈಗ ಯೋಚನೆ ಮಾಡಿ, ಮಧ್ಯಾಹ್ನ ಬಿಸಿಲಿರುವ ಎಲ್ಲೋ ಒಂದು ಊರಿನಲ್ಲಿ ವೈಪರ್ ಕೆಟ್ಟಿತು. ಅದೇ ವಿಮಾನ ಜೂನ್ ತಿಂಗಳಲ್ಲಿ ಬಜ್ಪೆಗೆ ಬರಬೇಕು. ಬರಲು ಆಗುವುದಿಲ್ಲ. ಇದು ತಾಂತ್ರಿಕವಾ, ಹವಾಮಾನವಾ? ಎರಡೂ. ಮಳೆ ಬಿಡಲಿ ಅಂತ ಕಾಯುತ್ತಾರೆ, ಬಿಡಿಭಾಗ ಬರಲಿ ಅಂತ ಕಾಯುತ್ತಾರೆ. ಅಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಸಮಯ ಮುಗಿಯುತ್ತದೆ. ಮೂರನೇ ಕಾರಣವೂ ನಿಜವೇ ಆಯಿತು. ಅದೇ ಹೊತ್ತಿಗೆ ಬೇರೆ ಕಂಪನಿಯ ವಿಮಾನ ಇಳಿಯುವುದು ಯಾಕೆಂದರೆ ಅದರ ವೈಪರ್ ಸರಿ ಇದೆ. ದೊಡ್ಡ ಕಂಪನಿ ಆಗಿದ್ದರೆ ಇನ್ನೊಂದು ವಿಮಾನ ಕಳಿಸುತ್ತದೆ. ನಾಲ್ಕು ವಿಮಾನ ಇರುವವರ ಹತ್ತಿರ ಇನ್ನೊಂದು ಎಲ್ಲಿಂದ ಬರಬೇಕು?

ನಿಮ್ಮ ದಿನ ಇದೇ ಆಗಿತ್ತು ಅನ್ನುತ್ತಿಲ್ಲ. ಹೀಗೂ ಆಗುತ್ತದೆ ಅಂತ ಅಷ್ಟೇ. ತಪ್ಪು ಯಾವುದೆಂದರೆ, ಇಷ್ಟನ್ನು ಮೈಕಿನಲ್ಲಿ ಎರಡು ನಿಮಿಷ ನಿಂತು ಹೇಳುವವರು ಯಾರೂ ಇರಲಿಲ್ಲ.

ವೈಪರ್ ಸುಮ್ನೆ ಆರಿಸಿದ್ದಲ್ಲ. ನನಗೆ ಆದದ್ದೇ ಅದು. ಕ್ಯಾಪ್ಟನ್ ಕಡೆಯ ವೈಪರ್ ಗಾಜಿನ ನಡುವೆ ನಿಂತುಬಿಟ್ಟಿತ್ತು. ಸ್ವಿಚ್ ಹಾಕಿದರೆ ಒಳಗಿನಿಂದ ಗುಂಯ್ ಅನ್ನುವ ಸದ್ದು, ಬ್ಲೇಡ್ ಮಾತ್ರ ಅಲುಗುವುದಿಲ್ಲ. ಹೊರಗೆ ಮಳೆ. ಸ್ಟೋರಿನಲ್ಲಿ ಮೋಟರ್ ಇಲ್ಲ, ಯಾಕೆಂದರೆ ಹಳೇ ಬಿಲ್ ಕಟ್ಟದೆ ಸಪ್ಲೈ ನಿಂತಿತ್ತು. ಇನ್ನೊಂದು ವಿಮಾನ ಎಂಜಿನ್ ಇಲ್ಲದೆ ಬೇರೆ ಊರಿನಲ್ಲಿ ನಿಂತಿತ್ತು, ಅದರಿಂದ ಬಿಚ್ಚಿ ತರಬೇಕು. ಇದಕ್ಕೆ ನಮ್ಮಲ್ಲಿ ರಾಬರಿ ಅಂತಲೇ ಹೇಳುವುದು. ಕಾಗದ ಪತ್ರ ಸರಿ ಇದ್ದರೆ ಅದೂ ನಿಯಮದೊಳಗೇ ಇದೆ. ಆದರೆ ತರಲು ನಾಳೆ ಆಗುತ್ತದೆ. ಮ್ಯಾನೇಜರ್ ಫೋನ್ ಮಾಡಿ, ಮಳೆ ಕಡಿಮೆ ಆಗಿದೆಯಲ್ಲ, ವಿಮಾನ ಹಾರಬಹುದು ಅಂತ ಸಹಿ ಹಾಕು ಅಂದರು. ಹಾಕಲಿಲ್ಲ. ಎರಡನೇ ಸಲ ಮಾಡಿದರು. ಹಾಕಲಿಲ್ಲ. ಆಗ ನನಗೆ ಮೂರು ತಿಂಗಳ ಸಂಬಳ ಬಾಕಿ ಇತ್ತು. ವಿಮಾನ ನಿಂತಿತು. ಜನ ಕೆಳಗೆ ಬೈಯುವುದು ಕೇಳುತ್ತಿತ್ತು.

ಆಮೇಲೆ ಒಂದು ವಾರ ನನಗೆ ನಿದ್ದೆ ಬರಲಿಲ್ಲ. ಮುಂದಿನ ಸಲ ಇನ್ನೊಬ್ಬ ಹುಡುಗ, ಹೆಂಡತಿ ಬಸುರಿ, ಮನೆ ಸಾಲ, ಅವನಿಗೆ ಫೋನ್ ಬಂದರೆ ಅವನು ಎಷ್ಟು ಸಲ ಆಗುವುದಿಲ್ಲ ಅಂದಾನು? ಕಷ್ಟದಲ್ಲಿರುವ ಕಂಪನಿಯ ಬಗ್ಗೆ ನನಗಿರುವ ಭಯ ಇದೊಂದೇ. ವಿಮಾನ ಹಳೆಯದು, ಸಣ್ಣದು, ಫ್ಯಾನಿನದ್ದು, ಅದೆಲ್ಲ ಭಯಪಡುವ ವಿಷಯ ಅಲ್ಲ. "ಇವತ್ತು ಹಾರುವುದಿಲ್ಲ" ಅಂತ ಹೇಳಿದವನ ಕೆಲಸ ಮರುದಿನ ಉಳಿಯುತ್ತದಾ? ಇದನ್ನು ಕೇಳಬೇಕು.

ಕುದ್ರೋಳಿ

ಸ್ಪ್ಯಾನರ್ ಅಣ್ಣ, ನೀವು ಸಹಿ ಹಾಕದೆ ಇದ್ದದ್ದಕ್ಕೆ ಕೈಮುಗಿಯಬೇಕು. ಆದರೆ ನೀವು ಹೇಳಿದ್ದು ಕೇಳಿ ನನಗೆ ಇನ್ನೂ ಹೆದರಿಕೆ ಆಯಿತು. ದುಡ್ಡಿಲ್ಲ ಅಂದರೆ ಬಿಡಿಭಾಗ ಇಲ್ಲ, ಬಿಡಿಭಾಗ ಇಲ್ಲ ಅಂದರೆ ಅಪಾಯ. ಲೆಕ್ಕ ಸೀದಾ ಉಂಟಲ್ಲ?

ಸ್ಪ್ಯಾನರ್ ಕಿನ್ನಿಗೋಳಿ

ಪೂರ್ತಿ ಸೀದಾ ಇಲ್ಲ, ಆದರೆ ನಿಮ್ಮ ಹೆದರಿಕೆಗೆ ಆಧಾರ ಉಂಟು. 2022ರ ಜುಲೈಯಲ್ಲಿ ಡಿಜಿಸಿಎ ಸ್ಪೈಸ್‌ಜೆಟ್‌ಗೆ ಕೊಟ್ಟ ನೋಟಿಸು ಎಲ್ಲ ಪೇಪರಿನಲ್ಲಿ ಬಂದಿತ್ತು. ಸಪ್ಲೈ ಮಾಡುವವರಿಗೆ ಸರಿಯಾಗಿ ದುಡ್ಡು ಕಟ್ಟುತ್ತಿಲ್ಲ, ಅದರಿಂದ ಬಿಡಿಭಾಗದ ಕೊರತೆ, ಅದರಿಂದ ಪದೇ ಪದೇ ಎಂಇಎಲ್ ಬಳಕೆ ಅಂತ ಅದರಲ್ಲೇ ಬರೆದಿತ್ತು. 2021ರ ಸೆಪ್ಟೆಂಬರಿನ ತಪಾಸಣೆಯಲ್ಲಿ ಕಂಡದ್ದು ಅದು. ನೋಟಿಸು ಬಂದ ಮರುವಾರವೇ ನಮ್ಮ ಮಂಗಳೂರಿನಿಂದ ದುಬೈಗೆ ಹೋದ ಅವರದ್ದೇ ಬೋಯಿಂಗ್ ಅಲ್ಲಿ ಇಳಿದ ಮೇಲೆ ಎಂಜಿನಿಯರ್ ಒಂದು ಸುತ್ತು ಹಾಕಿ ನೋಡಿದರು. ಮುಂದಿನ ಚಕ್ರದ ಸ್ಟ್ರಟ್, ಅಂದರೆ ಚಕ್ರ ಹಿಡಿದಿರುವ ಕಂಬ, ಇರಬೇಕಾದ್ದಕ್ಕಿಂತ ಜಾಸ್ತಿ ಕುಗ್ಗಿತ್ತು. ಅವರು ವಿಮಾನ ಅಲ್ಲೇ ನಿಲ್ಲಿಸಿದರು. ಮಧುರೈಗೆ ಹೋಗುವವರು ಕಾಯಬೇಕಾಯಿತು. ಜುಲೈ 27ಕ್ಕೆ ಡಿಜಿಸಿಎ ಎಂಟು ವಾರ ಅರ್ಧದಷ್ಟೇ ವಿಮಾನ ಹಾರಿಸಿ ಅಂತ ಆದೇಶ ಮಾಡಿತು.

ಟಿವಿಯಲ್ಲಿ ಆ ದುಬೈ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ "ನೋಡು, ಮತ್ತೊಂದು ಹಾಳಾಯಿತು" ಅಂದರು. ನನಗೆ ಮಾತ್ರ ದುಬೈಯ ಸೆಕೆಯಲ್ಲಿ ಆ ಚಕ್ರದ ಹತ್ತಿರ ಬಗ್ಗಿ ನೋಡಿದ ಎಂಜಿನಿಯರ್ ಕಂಡ. ಸಿಸ್ಟಮ್ ಕೆಲಸ ಮಾಡುವುದು ಅಂದರೆ ಹಾಗೆಯೇ. ಹೊರಗೆ ಅದು ಮಾನ ಹೋದ ಹಾಗೆ ಕಾಣುತ್ತದೆ.

ಮಸ್ಕತ್ ಮಲ್ಪೆ

ನಾನು 14 ವರ್ಷದಿಂದ ಮಸ್ಕತ್‌ನಲ್ಲಿ. ಎಲ್ಲರೂ ಸಣ್ಣ ಕಂಪನಿ ಸಣ್ಣ ಕಂಪನಿ ಅಂತ ಹೇಳುವುದು ಕೇಳಿ ಬೇಸರ ಆಗುತ್ತದೆ. ದೊಡ್ಡವರು ಏನು ಮಾಡಿದರು? 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕ್ಯಾಬಿನ್ ಸಿಬ್ಬಂದಿ ಒಟ್ಟಿಗೆ ಸಿಕ್ ಲೀವ್ ಹಾಕಿದಾಗ ಗಲ್ಫಿನ ಎಷ್ಟು ಜನ ಸಿಕ್ಕಿಬಿದ್ದರು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ವಿಮಾನ ರದ್ದು ಮಾಡಿತು. ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿಸುವ ನಿಯಮ ಮೊದಲೇ ಗೊತ್ತಿತ್ತು. ಬೇಕಾದಷ್ಟು ಪೈಲಟ್‌ಗಳನ್ನು ಇಟ್ಟುಕೊಳ್ಳಲಿಲ್ಲ. ಕೊನೆಗೆ ಏನಾಯಿತು? ಜನ ಒದ್ದಾಡುವುದು ನೋಡಿ ನಿಯಮವನ್ನೇ ತಾತ್ಕಾಲಿಕವಾಗಿ ಸಡಿಲ ಮಾಡಬೇಕಾಯಿತು. ಸಣ್ಣ ಕಂಪನಿಗೆ ಆ ಭಾಗ್ಯ ಇಲ್ಲ, ಅದು ಬಾಗಿಲು ಹಾಕುತ್ತದೆ ಅಷ್ಟೇ.

ಇವರೂ ಮುಚ್ಚಿದರೆ ಉಳಿಯುವುದು ಇಬ್ಬರೋ ಮೂವರೋ. ಆಮೇಲೆ ಅಷ್ಟಮಿಗೆ, ಚೌತಿಗೆ ಊರಿಗೆ ಬರುವ ಟಿಕೆಟಿನ ದರ ಕೇಳಿ ನೋಡಿ. ಸಣ್ಣವರು ಉಳಿಯಬೇಕು ಅಂತ ಹೇಳುವವರೂ ಬೇಕು.

ಕುದ್ರೋಳಿ

ಉಳಿಯಲಿ, ಬೇಡ ಅಂದವರು ಯಾರು. ಕಟಪಾಡಿಯವರ ದುಡ್ಡು ಇಟ್ಟುಕೊಂಡು ಉಳಿಯುವುದು ಬೇಡ.

ಹಂಪನಕಟ್ಟೆ ಟಿಕೆಟ್

ಮಸ್ಕತ್ತಿನವರ ಮಾತು ನನಗೂ ಸರಿ ಕಾಣುತ್ತದೆ. ಆದರೆ ಸಣ್ಣವರಿಗೆ ಉಳಿಯುವುದು ಎಷ್ಟು ಕಷ್ಟ ಅಂತ ಲೆಕ್ಕ ನೋಡಿ. ಸಣ್ಣ ಊರುಗಳಿಗೆ ವಿಮಾನ ಹಾರಿಸಲು ಸರ್ಕಾರ ಸಹಾಯಧನ ಕೊಡುವ ಉಡಾನ್ ಯೋಜನೆಯ ಮೇಲೆ 2023ರಲ್ಲಿ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆಯವರ) ವರದಿ ಪ್ರಕಾರ ಮಂಜೂರಾದ 774 ರೂಟ್‌ಗಳಲ್ಲಿ 371 ಶುರುವೇ ಆಗಲಿಲ್ಲ. ಶುರುವಾದ 403ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸರ್ಕಾರದ ಸಹಾಯಧನ ನಿಂತ ಮೇಲೂ ಉಳಿದದ್ದು 54. ಏರ್ ಪೆಗಾಸಸ್ ನೆನಪಿದೆಯಾ? ನಮ್ಮ ಬೆಂಗಳೂರಿನದ್ದೇ ಕಂಪನಿ. 2015ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಮೊದಲ ವಿಮಾನ ಹಾರಿಸಿದರು. 2016ರ ಜುಲೈಯಲ್ಲಿ ನಿಂತಿತು, ಬಾಡಿಗೆ ಕೊಟ್ಟವರ ಬಾಕಿ ಕಟ್ಟಲು ಆಗದೆ. ವಿಮಾನ ಇವರ ಸ್ವಂತದ್ದಲ್ಲ, ಬಾಡಿಗೆಯದ್ದು. ಪೆಟ್ರೋಲ್ ಡೀಸೆಲ್ ಹಾಗೆಯೇ ವಿಮಾನದ ಇಂಧನವೂ ಜಿಎಸ್‌ಟಿ ಹೊರಗೆ. ಸೀಟು ಖಾಲಿ ಹೋದರೂ ಅದೇ ಖರ್ಚು.

ನಾನು ಗಿರಾಕಿಗಳಿಗೆ ಸಣ್ಣ ಕಂಪನಿಯ ಟಿಕೆಟ್ ಮಾಡುತ್ತೇನೆ. ಆದರೆ ಮೂರು ತಿಂಗಳು ಮೊದಲು ಮಾಡುವುದಿಲ್ಲ. ದಿಢೀರಂತ ಆರು ತಿಂಗಳ ಮುಂದಿನ ಟಿಕೆಟನ್ನು ಚಿಲ್ಲರೆ ದುಡ್ಡಿಗೆ ಮಾರಲು ಶುರು ಮಾಡಿದರೆ ನನಗೆ ಅನುಮಾನ ಬರುತ್ತದೆ, ಇವತ್ತಿನ ಇಂಧನಕ್ಕೆ ನಮ್ಮ ಮುಂದಿನ ಪ್ರಯಾಣದ ದುಡ್ಡು ಹೋಗುತ್ತಾ ಇದೆ ಅಂತ. ಗೋ ಫಸ್ಟ್ 2023ರ ಮೇ 2ಕ್ಕೆ ದಿವಾಳಿ ಅರ್ಜಿ ಹಾಕಿದಾಗ ನನ್ನ ಗಿರಾಕಿಗಳೂ ಸಾಲ ಕೊಟ್ಟವರ ಸಾಲಿನ ಕೊನೆಯಲ್ಲಿ ನಿಂತರು. ಬ್ಯಾಂಕು ಮುಂದೆ, ನಾವು ಹಿಂದೆ. ರಿಫಂಡ್ ಬದಲು ಕಂಪನಿ ವಾಲೆಟ್‌ನಲ್ಲಿ ಹಾಕುತ್ತೇವೆ ಅಂದರೆ ಖಂಡಿತ ಒಪ್ಪಬೇಡಿ.

ಕೆಂಜಾರು ಗುಡ್ಡೆ

ನನಗೆ ಈಗ ವಯಸ್ಸಾಯಿತು, ಟೈಪ್ ಮಾಡುವುದು ನಿಧಾನ. ನಮ್ಮ ಮನೆ ವಿಮಾನ ನಿಲ್ದಾಣದ ಹತ್ತಿರವೇ. 1951ರ ಕ್ರಿಸ್‌ಮಸ್ ದಿನ ನೆಹರೂ ಡಕೋಟಾ ವಿಮಾನದಲ್ಲಿ ಇಲ್ಲಿ ಇಳಿದದ್ದನ್ನು ನನ್ನ ಅಪ್ಪ ನೋಡಿದ್ದರು. ಹಳೇ ರನ್‌ವೇ 1,615 ಮೀಟರ್. 2006ರಲ್ಲಿ 2,450 ಮೀಟರಿನ ಹೊಸದು ಆಯಿತು. ಎರಡೂ ಗುಡ್ಡದ ತಲೆ ಕಡಿದು ಮಾಡಿದ್ದು, ತುದಿಯಲ್ಲಿ ಕಣಿವೆ. ಇಲ್ಲಿ ಇಳಿಸುವುದು ಬೇರೆ ಊರಿನ ಹಾಗಲ್ಲ.

2010ರ ಮೇ 22. ಬೆಳಿಗ್ಗೆ ಆರು ಗಂಟೆ ಆಗಿ ಸ್ವಲ್ಪ ಹೊತ್ತು. ನಾನು ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದೆ. ಆ ಸದ್ದಿಗೆ ದನ ಹಗ್ಗ ಕಿತ್ತುಕೊಂಡಿತು. ನಾವು ಓಡಿದೆವು. ಅದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ. ಬಿದ್ದ ವಿಮಾನದಲ್ಲಿದ್ದ 166 ಜನರಲ್ಲಿ 8 ಮಂದಿ ಬದುಕಿದರು.

ತನಿಖೆಯ ವರದಿ ಬಂದಾಗ ಮಗನ ಹತ್ತಿರ ಓದಿಸಿಕೊಂಡೆ. ಎತ್ತರ ಜಾಸ್ತಿ ಇತ್ತು, ರನ್‌ವೇ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ಚಕ್ರ ತಾಗಿತು. ಪಕ್ಕದಲ್ಲಿ ಕುಳಿತ ಫಸ್ಟ್ ಆಫೀಸರ್ ಗೋ ಅರೌಂಡ್, ಅಂದರೆ ಇಳಿಸಬೇಡಿ, ವಿಮಾನ ಮತ್ತೆ ಮೇಲೆ ಎತ್ತಿ ಅಂತ ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಕೇಳಲಿಲ್ಲ. ಫಸ್ಟ್ ಆಫೀಸರ್ ತಾನೇ ಕಂಟ್ರೋಲ್ ತೆಗೆದುಕೊಳ್ಳಬಹುದಾ ಇಲ್ಲವಾ ಅನ್ನುವುದೇ ಸೂಚನೆಗಳಲ್ಲಿ ಸ್ಪಷ್ಟ ಇರಲಿಲ್ಲ ಅಂತ ವರದಿಯಲ್ಲಿ ಉಂಟು. ಕಿನ್ನಿಗೋಳಿಯವರು ಹೇಳಿದ ಮಾತು ಅದೇ ಅಲ್ಲವಾ. ಬೇಡ ಅಂದವನ ಮಾತಿಗೆ ಬೆಲೆ ಇರಬೇಕು.

ಹತ್ತು ವರ್ಷ ಆದ ಮೇಲೆ 2020ರ ಆಗಸ್ಟ್ 7ಕ್ಕೆ ಕೋಯಿಕ್ಕೋಡ್‌ನಲ್ಲಿ ಇಂಥದ್ದೇ ಗುಡ್ಡದ ರನ್‌ವೇ, ಜೋರು ಮಳೆ. 21 ಜನ ಹೋದರು, ಇಬ್ಬರು ಪೈಲಟ್‌ಗಳೂ ಸೇರಿ. ಅಲ್ಲಿಯೂ ಕ್ಯಾಪ್ಟನ್ ಕಡೆಯ ವೈಪರ್ ಸರಿ ಕೆಲಸ ಮಾಡಿರಲಿಲ್ಲ. ಮರುದಿನ ಬೆಳಿಗ್ಗೆ ಅಲ್ಲಿಂದ ಇನ್ನೊಂದು ವಿಮಾನ ಆ ಕ್ಯಾಪ್ಟನ್ನೇ ಹಾರಿಸಬೇಕಿತ್ತು. ಬೇರೆ ಕ್ಯಾಪ್ಟನ್‌ಗಳು ಅಲ್ಲಿ ಸಾಕಷ್ಟು ಇರಲಿಲ್ಲ. ಅದಕ್ಕೇ ಹೇಗಾದರೂ ಅಲ್ಲೇ ಇಳಿಯುವ ಮನಸ್ಸಿತ್ತು ಅಂತ ವರದಿ ಹೇಳಿತು. ಇವೆರಡೂ ಸಣ್ಣ ಕಂಪನಿಯ ವಿಮಾನ ಅಲ್ಲ.

ಹೋದ ವರ್ಷ ಆಟಿ ತಿಂಗಳ ಮಳೆಯಲ್ಲಿ ಮುಂಬೈಯಿಂದ ಬರುವಾಗ ನಾನಿದ್ದ ವಿಮಾನ ರನ್‌ವೇ ಹತ್ತಿರ ಬಂದು ಮತ್ತೆ ಮೇಲೆ ಎತ್ತಿತು. ಎರಡನೇ ಸಲವೂ ಎತ್ತಿ ಬೆಂಗಳೂರಿಗೆ ಹೋಯಿತು. ಹಿಂದೆ ಒಬ್ಬರು "ಇವನಿಗೆ ಇಳಿಸಲು ಬರುವುದಿಲ್ಲ" ಅಂತ ಕೂಗಾಡಿದರು. ನನಗೆ ಕಣ್ಣಲ್ಲಿ ನೀರು ಬಂತು. ಇಳಿಯುವಾಗ ಬಾಗಿಲಲ್ಲಿ ಪೈಲಟ್ ನಿಂತಿದ್ದರು, ನನ್ನ ಮೊಮ್ಮಗನ ಪ್ರಾಯ. ನಾನು ಕೈಮುಗಿದೆ.

ಸ್ಪ್ಯಾನರ್ ಕಿನ್ನಿಗೋಳಿ

ಹಿರಿಯರೇ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಹಳೇ ಯೂನಿಫಾರ್ಮ್

ಕಟಪಾಡಿ ಅಣ್ಣ, ನಿಮ್ಮ ಹತ್ತಿರ ಒಂದು ವಿನಂತಿ. ನಾನೂ ಬೇರೆ ಒಂದು ಕಂಪನಿಯ ಕೌಂಟರಿನಲ್ಲಿ ಮೂರು ವರ್ಷ ಇದ್ದೆ, ಕಂಪನಿ ಈಗ ಮುಚ್ಚಿದೆ. ಕಾವೂರಿನಲ್ಲಿ ಪಿಜಿ. ಕೊನೆಯ ನಾಲ್ಕು ತಿಂಗಳು ಸಂಬಳ ಇಲ್ಲ. ಅಮ್ಮನ ಕರಿಮಣಿ ಸೊಸೈಟಿಯಲ್ಲಿ ಇಟ್ಟು ಪಿಜಿ ಬಾಡಿಗೆ ಕಟ್ಟಿದೆ. ಪಿಎಫ್ ಅಂತ ಸಂಬಳದಲ್ಲಿ ಹಿಡಿದಿದ್ದರು, ಆಮೇಲೆ ನೋಡಿದರೆ ಖಾತೆಗೆ ಕಟ್ಟಿರಲಿಲ್ಲ.

ವಿಮಾನ ಯಾಕೆ ತಡ ಅಂತ ಕೌಂಟರಿನವರಿಗೆ ಗೊತ್ತಿರುವುದಿಲ್ಲ. ಕಂಟ್ರೋಲ್ ರೂಮಿನಿಂದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು ಬರುತ್ತದೆ, ಅದನ್ನೇ ಹೇಳಬೇಕು. ಸಾಲು ಬದಲಾದರೆ ನಾವೂ ಬದಲಾಯಿಸಿ ಹೇಳಬೇಕು. ಜನರ ಮುಖ ನೋಡುವುದು ನಾವು, ಗ್ರೂಪಿನಲ್ಲಿ ಬರೆಯುವವರು ಎಲ್ಲೋ ಎಸಿಯಲ್ಲಿ ಇರುತ್ತಾರೆ. ತಿಂಡಿಗೆ ಕೂಪನ್ ಕೇಳಿದರೆ ಹೋಟೆಲಿನವರು ಹಳೇ ಬಾಕಿ ಕೊಡಿ ಅನ್ನುತ್ತಾರೆ. ನಾನೇ ಎರಡು ಸಲ ಕೈಯಿಂದ ನೀರಿನ ಬಾಟಲಿ ತಂದು ಕೊಟ್ಟಿದ್ದೇನೆ, ಸಣ್ಣ ಮಕ್ಕಳಿದ್ದರು ಅಂತ. ಅರುವತ್ತು ಜನರಿಗೆ ಅವಳು ಒಬ್ಬಳೇ ಇದ್ದಳು ಅಂದರೆ ಉಳಿದವರು ಬಿಟ್ಟು ಹೋಗಿರಬೇಕು. ಅವಳು ಹೋಗಲಿಲ್ಲ.

ದೂರು ಖಂಡಿತ ಕೊಡಿ. ಗಟ್ಟಿಯಾಗಿ ಕೊಡಿ. ಆದರೆ ಅವಳ ಹೆಸರು ಹಾಕಿದರೆ ಕಂಪನಿ ಮಾಡುವ ಮೊದಲ ಕೆಲಸ ಏನು ಗೊತ್ತಾ? "ಸಂಬಂಧಪಟ್ಟ ಸಿಬ್ಬಂದಿ ಮೇಲೆ ಕ್ರಮ ಕೈಗೊಂಡಿದ್ದೇವೆ" ಅಂತ ಉತ್ತರ ಬರೆದು ಫೈಲ್ ಮುಚ್ಚುವುದು. ನಿಮ್ಮ ದುಡ್ಡು ಬರುವುದಿಲ್ಲ, ಅವಳ ಕೆಲಸ ಹೋಗುತ್ತದೆ.

ಕುದ್ರೋಳಿ

ಅಕ್ಕ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ಕೌಂಟರಿನಲ್ಲಿ ನಿಂತವರು ಕೂಡ ಒಂದು ಮಾತು ನಿಜ ಹೇಳಬಹುದಿತ್ತಲ್ಲ? "ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಅಂದರೆ ಸಾಕಿತ್ತು.

ಹಳೇ ಯೂನಿಫಾರ್ಮ್

ನಾನು ಒಂದು ಸಲ ಹಾಗೆ ಹೇಳಿದೆ. ಒಬ್ಬರು ಅದನ್ನು ವಿಡಿಯೋ ಮಾಡಿ ಹಾಕಿದರು, ಕಂಪನಿ ಸಿಬ್ಬಂದಿಗೇ ಏನೂ ಗೊತ್ತಿಲ್ಲ ಅಂತ. ಮರುದಿನ ನನಗೆ ಮೆಮೋ ಬಂತು.

ಮಸ್ಕತ್ ಮಲ್ಪೆ

ಕೌಂಟರಿನಿಂದ ಹಿಡಿದು ರಿಪೇರಿಯವರ ತನಕ ಒಂದೇ ಕಥೆ. ನಿಜ ಹೇಳಿದವರಿಗೆ ಏಟು.

ಕಟಪಾಡಿ ಮನೆ

ಎಲ್ಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಅಕ್ಕ, ನೀವು ಹೇಳಿದ್ದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸ್ಪ್ಯಾನರ್ ಅಣ್ಣ, ನೇರವಾಗಿ ಕೇಳುತ್ತೇನೆ. ನಿಮ್ಮ ಅಮ್ಮ ಆಗಿದ್ದರೆ ಕಳಿಸುತ್ತಿದ್ದಿರಾ?

ಸ್ಪ್ಯಾನರ್ ಕಿನ್ನಿಗೋಳಿ

ಕಳಿಸುತ್ತಿದ್ದೆ. ಆದರೆ ಮಳೆಗಾಲದ ಸಂಜೆಯ ವಿಮಾನದಲ್ಲಿ ಅಲ್ಲ.

ಯಾಕೆ ಅಂದರೆ ಸಣ್ಣ ವಿಮಾನ ದಿನಕ್ಕೆ ಆರೇಳು ಸಲ ಹತ್ತಿ ಇಳಿಯುತ್ತದೆ. ಬೆಳಿಗ್ಗೆ ಅರ್ಧ ಗಂಟೆ ತಡವಾದದ್ದು ಸಂಜೆಗೆ ಮೂರು ಗಂಟೆ ಆಗುತ್ತದೆ. ರಾತ್ರಿ ಬಜ್ಪೆಯಲ್ಲೇ ನಿಂತು ಬೆಳಿಗ್ಗೆ ಹೊರಡುವ ವಿಮಾನ ಇದ್ದರೆ ಅದನ್ನೇ ಹಿಡಿಯಿರಿ. ರಾತ್ರಿಯಿಡೀ ನಮ್ಮವರು ಅದರ ಹತ್ತಿರ ಇರುತ್ತಾರೆ, ಪೈಲಟ್‌ಗಳೂ ವಿಶ್ರಾಂತಿ ಮಾಡಿ ಬಂದಿರುತ್ತಾರೆ. ಸೀಮಂತಕ್ಕೆ ಒಂದು ದಿನ ಅಲ್ಲ, ಎರಡು ದಿನ ಮೊದಲು ಹೋಗಿ. ಹೋಗುವ ಮೊದಲಿನ ಒಂದು ವಾರ ಆ ವಿಮಾನ ಹೇಗೆ ಓಡಾಡಿದೆ ಅಂತ ಫ್ಲೈಟ್‌ರಾಡಾರ್24 ಅನ್ನುವ ವೆಬ್‌ಸೈಟಿನಲ್ಲಿ ನೋಡಿ. ತಡ ಆಗಿದ್ದರೆ ಚಿಂತೆ ಮಾಡಬೇಡಿ. ದಿನ ಬಿಟ್ಟು ದಿನ ರದ್ದಾಗುತ್ತಿದ್ದರೆ ಬೆಂಗಳೂರು ಮೇಲೆ ಹೋಗಿ.

ಮತ್ತೆ ಆ ದಿನ ಪೈಲಟ್ ಆಗುವುದಿಲ್ಲ ಅಂದರೆ, ದಯವಿಟ್ಟು ಬೈಯಬೇಡಿ.

ಹಂಪನಕಟ್ಟೆ ಟಿಕೆಟ್

ದೂರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಮೊದಲು ಕಂಪನಿಯಲ್ಲಿ ದೂರು ನೋಡುವ ನೋಡಲ್ ಅಧಿಕಾರಿಗೆ ಇಮೇಲ್, ಆಮೇಲೆ ಏರ್‌ಸೇವಾ, ಅದು ಸರ್ಕಾರದ ದೂರು ಪೋರ್ಟಲ್, ಮತ್ತೆ ಗ್ರಾಹಕ ಸಹಾಯವಾಣಿ 1915ಕ್ಕೂ ಒಂದು ಫೋನ್. ಯಾವುದಕ್ಕೂ ಬಗ್ಗದಿದ್ದರೆ ಉಡುಪಿಯ ಗ್ರಾಹಕ ಆಯೋಗ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಇ-ಜಾಗೃತಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ಹಾಕಬಹುದು. ಟ್ಯಾಕ್ಸಿ ಬಿಲ್ ಇದ್ದರೆ ಅದನ್ನೂ ಜೋಡಿಸಿ.

ಕಟಪಾಡಿ ಮನೆ

ಹತ್ತು ದಿನ ಆಯಿತು, ಹೇಳಿ ಮುಗಿಸುತ್ತೇನೆ ಅಂತ ಬಂದೆ.

ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಹಾಕಿದ ಐದನೇ ದಿನಕ್ಕೆ ಕಂಪನಿಯಿಂದಲೇ ಟಿಕೆಟ್ ದುಡ್ಡು ಬಂತು. ಪರಿಹಾರದ ಬಗ್ಗೆ "ಹವಾಮಾನ ಕಾರಣ" ಅಂತ ಉತ್ತರ ಬರೆದರು. ಆ ದಿನದ ಮೊದಲ ಮೆಸೇಜು ಮತ್ತು ಬಜ್ಪೆಯ ಹವಾಮಾನ ವರದಿ ಎರಡನ್ನೂ ಜೋಡಿಸಿ ಏರ್‌ಸೇವಾದಲ್ಲಿ ಹಾಕಿದ್ದೇನೆ. ದೂರಿನಲ್ಲಿ ಎರಡು ಸಾಲು ಹೆಚ್ಚು ಬರೆದೆ, ಕೌಂಟರಿನಲ್ಲಿ ಒಬ್ಬರನ್ನೇ ನಿಲ್ಲಿಸಿದ್ದು ಕಂಪನಿಯ ತಪ್ಪು, ಅವರಿಗೆ ಸರಿಯಾದ ಮಾಹಿತಿ ಕೊಡದೆ ಇದ್ದದ್ದೂ ಕಂಪನಿಯ ತಪ್ಪು ಅಂತ. ಹುಡುಗಿಯ ಹೆಸರು ತೆಗೆದೆ.

ಟಿಕೆಟ್ ಅದೇ ಕಂಪನಿಯಲ್ಲಿ ಮಾಡಿದೆ, ಬೆಳಿಗ್ಗೆಯದ್ದು, ಸೀಮಂತಕ್ಕೆ ಎರಡು ದಿನ ಮೊದಲು. ನಾನೂ ಜೊತೆಗೆ ಹೋಗುತ್ತೇನೆ. ಕುದ್ರೋಳಿಯವರೇ, ಕೋಪ ಮಾಡಬೇಡಿ, ಒಂದು ವಾರದ ಓಡಾಟ ನೋಡಿಯೇ ಮಾಡಿದ್ದು. ಏಳು ದಿನದಲ್ಲಿ ಎರಡು ಸಲ ತಡ, ರದ್ದು ಇಲ್ಲ.

ಅಮ್ಮ ಸುಕ್ರುಂಡೆ ಮಾಡಿ ಎರಡು ಡಬ್ಬ ತುಂಬಿಸುತ್ತೇನೆ ಅಂತ ಹೇಳಿದ್ದಾರೆ. ಒಂದು ಅಕ್ಕನ ಮಗಳಿಗೆ. ಇನ್ನೊಂದು ಯಾರಿಗೆ ಅಂತ ಕೇಳಿದರೆ, ಅವಳು ಅಲ್ಲಿ ಇದ್ದರೆ ಕೊಡಲು ಅಂದರು.